ಹಿಟ್ಟು ತುಂಬೈತೆ

"ಹಲೋ... ಯಾರು?... ಯಾರ್ರಿ ಮಾತಾಡೋದು? ಹೊಸ ನಂಬರು, ಹೆಸರು ಬರ್ತಿಲ್ಲ..."

ನ್ಯಾಮತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೊಟ್ಟಿ ಕೇಂದ್ರ ನಡೆಸುವ ರುದ್ರಾಣಿ, ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ದಿನದ ಕೊನೆಯ ಹಂಚು ಇನ್ನೂ ಒಲೆಯ ಮೇಲಿತ್ತು.

"ಓ... ಗುರುಬಸಣ್ಣನೋರಾ?... ಅಯ್ಯೋ, ಬೇಕಂತ ಎತ್ತಲಿಲ್ಲ ಅಂತಲ್ಲ ಅಣ್ಣಾ, ಕೈ ಹಿಟ್ಟಾಗಿತ್ತು... ಹಾಂ, ಬೆಳಗಿಂದ ಏಳು ಸಲ ಮಾಡಿದೀರಿ, ನೋಡ್ದೆ... ಅದಕ್ಕೇ ಈಗ ಡ್ರೈವರ್ ಫೋನಿಂದ ಮಾಡಿದ್ರಾ?... ಸುಳ್ಳು ಯಾಕೆ ಹೇಳ್ಲಿ ಬಿಡ್ರಿ. ಬೇಕಂತಲೇ ಎತ್ತಲಿಲ್ಲ."

ಹೊನ್ನಾಳಿಯ ಅಡುಗೆ ಕಂಟ್ರಾಕ್ಟರ್ ಗುರುಬಸವರಾಜ್ ಅವಳ ಪಾಲಿಗೆ ಬರೀ ಗಿರಾಕಿಯಲ್ಲ. ರೊಟ್ಟಿ ಕೇಂದ್ರದ ಅರ್ಧ ಒಲೆ ಉರಿಯುವುದೇ ಅವನ ಮದುವೆ, ಗೃಹಪ್ರವೇಶಗಳಿಂದ. ಬೆಳಗಿನಿಂದ ಫೋನು ಅಲುಗಾಡಿದಾಗಲೆಲ್ಲ ಅದನ್ನು ಬೋರಲು ಹಾಕಿಟ್ಟಿದ್ದಳು.

"ಹೇಳ್ರಿ... ನಾಡಿದ್ದಿನ ಮದುವೆ ರೊಟ್ಟಿನಾ?... ಗಾಡಿ ಎಷ್ಟೊತ್ತಿಗೆ ಕಳಿಸ್ಲಿ ಅಂದ್ರೆ? ಯಾವ ಗಾಡಿ?... ಎಂಟುನೂರಾ?... ಅಣ್ಣಾ, ಒಂದು ನಿಮಿಷ ತಡೀರಿ. ನಾನು ಒಪ್ಪಿದ್ದು ಯಾವಾಗ?"

"ಹಾಂ... ಹಾಂ... ಸೋಮವಾರ ಮಾಡಿದ್ರಿ, ಹೌದು. ನಾನೇನಂದೆ?... 'ಹಿಟ್ಟು ತುಂಬೈತೆ ಅಣ್ಣಾ' ಅಂದೆ. ಅಂದಿದ್ದು ಖರೆ..."

ಒಳಗಿನ ಬಾಗಿಲ ಬಳಿ ಜೋಳ ಹಸನು ಮಾಡುತ್ತಿದ್ದ ಅತ್ತೆ ಓಬವ್ವ ಮೊರದಲ್ಲಿ ಕೇರುವುದು ನಿಲ್ಲಿಸಿ ಕಿವಿಗೊಟ್ಟಳು. ಆ ಮಾತು ಅವಳದೇ ಕೊಡುಗೆ. ಅವಳ ಅಡುಗೆಮನೆಯಲ್ಲಿ 'ಇಲ್ಲ' ಎಂಬ ಶಬ್ದಕ್ಕೆ ಹೊಸ್ತಿಲು ದಾಟುವ ಹಕ್ಕಿರಲಿಲ್ಲ. ಅಕ್ಕಿ ತೀರಿದರೆ 'ಅಕ್ಕಿ ತುಂಬೈತೆ', ಉಪ್ಪು ತೀರಿದರೆ 'ಉಪ್ಪು ತುಂಬೈತೆ'. ಇಲ್ಲ ಎಂದರೆ ಲಕ್ಷ್ಮಿ ಕೇಳಿಸಿಕೊಂಡು ಹೊರಟುಬಿಡುತ್ತಾಳಂತೆ. ಸೊಸೆಯಾಗಿ ಬಂದ ಮೊದಲ ವಾರವೇ ರುದ್ರಾಣಿ ಇದನ್ನು ಕಲಿತಿದ್ದಳು. ಅಡುಗೆಮನೆಯ ಈ ಪಾಠ ಹಾಗೇ ವ್ಯಾಪಾರಕ್ಕೂ ಬಂದು ಕೂತಿತ್ತು.

"ತುಂಬೈತೆ ಅಂದ್ರೆ ಚೀಲಗಟ್ಲೆ ಐತೆ ಅಂದ್ಕೊಂಡ್ರಾ?... ನೀವಾ?... ಗುರುಬಸಣ್ಣಾ, ಸಣ್ಣೋರಿದ್ದಾಗ ನಿಮ್ಮವ್ವ ಡಬ್ಬಿ ಬೋರಲು ಹಾಕಿ 'ಅಕ್ಕಿ ತುಂಬೈತೆ ಮಗಾ' ಅಂದಾಗ, ಚೀಲ ಹಿಡ್ಕೊಂಡು ಅಂಗಡಿಗೆ ಹೋಗ್ತಿದ್ರಾ, ತಟ್ಟೆ ಹಾಕ್ಕೊಂಡು ಊಟಕ್ಕೆ ಕೂರ್ತಿದ್ರಾ?... ನಗಬ್ಯಾಡ್ರಿ. ನಂಗೂ ನಗು ಬರುತ್ತೆ."

"... ಗೊತ್ತಿತ್ತು ನಿಮಗೆ. ಗೊತ್ತಿದ್ದೂ ಗೊತ್ತಿಲ್ದಂಗೆ ಮಾಡಿದ್ರಿ. ಮೂರು ವರ್ಷದಿಂದ ಇದೇ ನಡ್ದೈತೆ. ನಾನು ತುಂಬೈತೆ ಅನ್ನೋದು, ನೀವು ಗಾಡಿ ಕಳಿಸೋದು."

"ಏನಂದ್ರಿ?... ಹಿಟ್ಟು ನೀವೇ ಕಳಿಸ್ತೀರಾ? ಬ್ಯಾಡ್ರಿ... ಬ್ಯಾಡಾ ಅಂದೆ... ಯಾಕಂದ್ರೆ ಹಿಟ್ಟು ಐತೆ. ನನ್ನ ಬೆನ್ನ ಹಿಂದೆ ಮೂರು ಚೀಲ ನಿಂತಾವೆ. ನೋಡ್ರಿ ತಮಾಷಿ, ನಿಜವಾಗ್ಲೂ ತುಂಬೈತೆ. ನೇರ ಹೇಳಾಕೆ ಬಾಯಿ ಬರ್ಲಿಲ್ಲ, ಹಿಟ್ಟಿನ ಮೇಲೆ ಹಾಕ್ದೆ. ಅದು ನನ್ನ ತಪ್ಪು. ಈಗ ನೇರ ಹೇಳ್ತೀನಿ ಕೇಳ್ರಿ, ನಾಡಿದ್ದು ನಾನು ಒಲೆ ಹಚ್ಚಲ್ಲ."

"... ಹಲೋ? ಅದೀರಾ?... ಹಾಂ, ಹಚ್ಚಲ್ಲ ಅಂದೆ."

ಹಂಚಿನ ಮೇಲಿನ ರೊಟ್ಟಿ ಉಬ್ಬಿ ಅಂಚು ಕಪ್ಪಾಗತೊಡಗಿತ್ತು. ಅದನ್ನು ನೋಡಿಕೊಳ್ಳಬೇಕಿದ್ದ ದ್ಯಾಮಮ್ಮ ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕೂತಿದ್ದಳು. ಕುದಿಯುವ ನೀರು ಸುರಿದ ಹಿಟ್ಟನ್ನು ಬಿಸಿ ಆರುವ ಮುಂಚೆ ನಾದಿ ಜಿಗಿ ಬರಿಸುವ ಕೈ ಆ ಮನೆಯಲ್ಲಿ ಅವಳದೊಂದೇ. ಕೇಂದ್ರ ಶುರುವಾದಾಗಿನಿಂದ ಅವಳು ಬಾಯಿಬಿಟ್ಟು ರಜೆ ಕೇಳಿದ್ದು ಒಂದೇ ಸಲ, ಈ ಸಲ.

"ಯಾಕೆ ಅಂದ್ರೆ... ದ್ಯಾಮಮ್ಮಕ್ಕನ ಮಗಳು ಪ್ರಮೀಳಾ ದಾವಣಗೆರೆಯಾಗೆ ನರ್ಸಿಂಗ್ ಓದ್ತಾಳಲ್ಲ? ನಾಡಿದ್ದು ಅವರ ಕಾಲೇಜಿನಾಗೆ ದೀಪ ಹಚ್ಚೋ ಕಾರ್ಯಕ್ರಮ ಐತೆ. ಬಿಳಿ ಬಟ್ಟೆ ಹಾಕ್ಕೊಂಡು, ದೀಪ ಹಿಡ್ಕೊಂಡು, ಪ್ರಮಾಣ ಮಾಡ್ತಾರಂತೆ. ತಂದೆ ತಾಯಿ ಬರ್ಲೇಬೇಕು ಅಂತ ಕಾರ್ಡು ಕಳಿಸ್ಯಾರೆ. ತಂದೆ ಅಂತೂ ತೀರ್ಕೊಂಡಾನೆ. ತಾಯಿನೂ ನಿಮ್ಮ ಎಂಟುನೂರು ರೊಟ್ಟಿ ಮುಂದೆ ಕೂತ್ರೆ, ಆ ಹುಡುಗಿ ದೀಪ ಯಾರ ಮುಖಕ್ಕೆ ಹಿಡೀಬೇಕು?"

"... ಇಲ್ಲಿ ಕೇಳ್ರಿ. 'ಬರೀ ದೀಪ ಹಚ್ಚೋದಕ್ಕಾ' ಅನ್ನಬ್ಯಾಡ್ರಿ. ಅದೊಂದು ಮಾತು ಅನ್ನಬ್ಯಾಡ್ರಿ..."

"ಬ್ಯಾರೆಯೋರು ನಾದಿದ್ರೆ? ನಾದಬಹುದು. ಹೋದ ಯುಗಾದಿಯಾಗೆ ನಾನೇ ನಾದಿದ್ದೆನಲ್ಲ, ತಟ್ಟಾಕೆ ಹೋದ್ರೆ ನಕ್ಷೆಯಂಗೆ ಹರೀತಿತ್ತು. ಒಂದು ರೊಟ್ಟಿ ಥೇಟ್ ಚನ್ನಗಿರಿ ತಾಲ್ಲೂಕಿನಂಗೆ ಐತೆ ಅಂತ ನೀವೇ ಆಡ್ಕೊಂಡಿದ್ರಿ. ಮರೆತ್ರಾ?"

"ಹಾಂ... ಹೌದು, ಹಿಂದೆ ಎಲ್ಲಾ ಮಾಡ್ಕೊಟ್ಟೀನಿ. ಸವಳಂಗದ ಗೃಹಪ್ರವೇಶ ನೆನಪೈತಾ?... 'ನೋಡಾನ' ಅಂದಿದ್ದೆ. ನೋಡಾನ ಅಂದ್ರೆ ನಮ್ಮ ಕಡೆ ಆಗಲ್ಲ ಅಂತ ಅಲ್ವಾ? ನೀವು ಬಾಳೆ ಎಲೆ ಲೆಕ್ಕ ಹಾಕ್ಕೊಂಡು ಕೂತಿದ್ರಿ. ಅವತ್ತು ನನ್ನ ಮಗಳು ರಕ್ಷಾ ಶಾಲೆಯಾಗೆ ಕುಣಿಯೋದಿತ್ತು. ನಾನು ಹೋಗೋ ಹೊತ್ತಿಗೆ ಕುರ್ಚಿ ಮಡಚಿ ಟ್ರ್ಯಾಕ್ಟರಿಗೆ ಹಾಕ್ತಿದ್ರು. ಮುಖದ ಬಣ್ಣ ತೊಳೀದೆ ಗೇಟಿನಾಗೆ ನಿಂತಿತ್ತು ಕೂಸು. 'ಅವ್ವಾ, ಇನ್ನೊಂದ್ಸಲ ಕುಣೀಲಾ?' ಅಂತು. ಆ ಖಾಲಿ ಮೈದಾನದಾಗೆ ಕುಣೀತು ಅಣ್ಣಾ... ಹಾಡಿಲ್ಲ, ಮೈಕಿಲ್ಲ..."

"... ನಿಮ್ಮ ಮೇಲೆ ಸಿಟ್ಟಲ್ಲ ಅಣ್ಣಾ. ನೋಡಾನ ಅಂದೋಳು ನಾನೇ ಅಲ್ವಾ. ಆದ್ರೆ ನಾನು ಉಂಡಿದ್ದನ್ನ ದ್ಯಾಮಮ್ಮಕ್ಕಂಗೆ ಬಡಿಸಲ್ಲ."

ದ್ಯಾಮಮ್ಮ ಎದ್ದು ಕರಕಲಾದ ರೊಟ್ಟಿಯನ್ನು ಹಂಚಿನಿಂದ ತೆಗೆದು ಪಕ್ಕಕ್ಕಿಟ್ಟಳು. ಗೋಡೆಯ ಗೂಟಕ್ಕೆ ಪ್ಲಾಸ್ಟಿಕ್ ಕವರೊಂದು ತೂಗುತ್ತಿತ್ತು. ಫಾಲ್ಸ್ ಹಾಕಿಸಿದ ತಿಳಿನೀಲಿ ಸೀರೆ ಅದರಲ್ಲಿ ಮಡಿಕೆ ಕೆಡದೆ ಕೂತಿತ್ತು. ಕಾರ್ಯಕ್ರಮಕ್ಕೆಂದು ವಾರದಿಂದ ಅದನ್ನು ಮನೆಗೂ ಒಯ್ಯದೆ ಇಲ್ಲೇ ಕಣ್ಣೆದುರು ಇಟ್ಟುಕೊಂಡಿದ್ದಳು.

"ಏನು?... ಚನ್ನಗಿರಿ ರೊಟ್ಟಿ ಮಿಷಿನ್‌ನೋರಿಗೆ ಕೊಡ್ತೀರಾ?... ಕೊಡ್ರಿ... ಬರೀ ಇದೊಂದಲ್ಲ, ಮುಂದಿನ ಎಲ್ಲಾ ಆರ್ಡರೂನಾ?..."

ಈ ಮಾತಿಗೆ ಅವಳು ಗೋಡೆಗೆ ಒರಗಿದಳು. ಗುರುಬಸವರಾಜ್ ಕೈಬಿಟ್ಟರೆ ಮಾರ್ಗಶಿರದವರೆಗೆ ಅರ್ಧ ಒಲೆ ತಣ್ಣಗಿರುತ್ತದೆ. ಕೇಂದ್ರದಲ್ಲಿ ದುಡಿಯುವ ನಾಲ್ವರು ಹೆಂಗಸರಲ್ಲಿ ಇಬ್ಬರಿಗೆ ಮನೆಯಲ್ಲೇ ಇರಿ ಎನ್ನಬೇಕಾದೀತು. ನಾಲಿಗೆಯ ತುದಿಗೆ 'ನೋಡಾನ' ಬಂದು ನಿಂತಿತು. ಹಳೆಯ ಚಪ್ಪಲಿಯ ಹಾಗೆ ಅಳತೆಗೆ ಸರಿಯಾಗಿ, ಮೆತ್ತಗೆ. ಅದನ್ನು ನುಂಗಿಕೊಂಡಳು.

"... ಕೊಡ್ರಿ ಅಣ್ಣಾ. ಮಿಷಿನ್ನಿಗೆ ಮಗಳಿಲ್ಲ, ರಜೆ ಕೇಳಲ್ಲ. ಆದ್ರೆ ಅದರ ರೊಟ್ಟಿ ಮುರಿದ್ರೆ ಕಾಗದದಂಗೆ ಸದ್ದು ಮಾಡುತ್ತೆ ಅಂತ ಬೈದು ನನ್ನತ್ರ ಬಂದೋರು ನೀವೇ. ಮತ್ತೆ ಬರ್ಬೇಕು ಅನ್ನಿಸಿದ್ರೆ ಬರ್ರಿ, ಬಾಗಿಲು ಹಾಕ್ಕೊಂಡಿರಲ್ಲ. ಒಂದು ವಾರ ಮುಂಚೆ ಕೇಳ್ರಿ, ಆಗುತ್ತೆ ಅಂದ್ರೆ ಆಗುತ್ತೆ, ಆಗಲ್ಲ ಅಂದ್ರೆ ಆಗಲ್ಲ."

"ಯಾರು?... ಯಾರು ಒಪ್ಯಾರೆ?... ದ್ಯಾಮಮ್ಮಕ್ಕನಾ? ನೀವು ಆಕಿಗೂ ಫೋನ್ ಮಾಡಿದ್ರಾ?... ಯಾವಾಗ, ಇವತ್ತು ಬೆಳಿಗ್ಗೆನಾ?... ಏನಂದ್ಲು?... ಮತ್ತೆ ಹೇಳ್ರಿ, ಆಕಿ ಅಂದಿದ್ದನ್ನ ಹಂಗಂಗೇ ಹೇಳ್ರಿ."

ರುದ್ರಾಣಿ ಫೋನನ್ನು ಎದೆಗೆ ಒತ್ತಿಹಿಡಿದು ದ್ಯಾಮಮ್ಮನ ಕಡೆ ತಿರುಗಿದಳು.

"ಅಕ್ಕಾ, ನಾಡಿದ್ದು ಬರ್ತೀನಿ ಅಂದ್ಯಾ?"

ದ್ಯಾಮಮ್ಮ ತಲೆ ಎತ್ತಲಿಲ್ಲ. "ನೋಡಾನ ಅಂದೆ," ಎಂದಳು ಹಿಟ್ಟಿನ ಪರಾತಕ್ಕೆ. "ನನ್ನಿಂದ ನಿನ್ನ ಗಿರಾಕಿ ಹೋಗ್ಬಾರ್ದಲ್ಲ ತಾಯಿ. ದೀಪ ಫೋಟೋದಾಗೂ ಕಾಣ್ತದೆ."

ರುದ್ರಾಣಿ ಬಗ್ಗಿ ಒಲೆಯ ಗುಂಡಿ ತಿರುಗಿಸಿದಳು. ಉರಿ ಭಸಕ್ಕೆಂದು ನಿಂತಿತು. ಗೂಟದ ಮೇಲಿದ್ದ ಕವರನ್ನು ಇಳಿಸಿ ದ್ಯಾಮಮ್ಮನ ಮಡಿಲಿಗೆ ಹಾಕಿ, ಫೋನನ್ನು ಮತ್ತೆ ಕಿವಿಗೆ ತಂದಳು.

"ಅಣ್ಣಾ, ಕೇಳ್ತೀರಾ?... ಇಲ್ಲ."

"... ತುಂಬೈತೆ ಅಲ್ಲ. ನೋಡಾನ ಅಲ್ಲ. ಇಲ್ಲ. ರೊಟ್ಟಿ ಇಲ್ಲ. ದ್ಯಾಮಮ್ಮಕ್ಕ ಬರಲ್ಲ, ನಾನೂ ಬರಲ್ಲ, ಒಲೆನೂ ಹಚ್ಚಲ್ಲ."

"ಅಯ್ಯೋ, ಬಿಡ್ತು ಅನ್ನೇ!" ಓಬವ್ವ ಮೊರವನ್ನು ನೆಲಕ್ಕೆ ಕುಕ್ಕಿದಳು. "ಮುಸ್ಸಂಜೆ ಹತ್ತಿರಾಗೈತೆ, ಅನ್ನ ಬೇಯೋ ಜಾಗದಾಗೆ ಎಂಥಾ ಮಾತು!"

"ಬಿಡ್ತು ಅನ್ನಲ್ಲ ಅತ್ತಿ. ಇನ್ನೊಂದ್ಸಲ ಬೇಕಾದ್ರೆ ಇಲ್ಲ ಅಂತೀನಿ... ಹಾಂ, ನಿಮಗಲ್ಲ ಗುರುಬಸಣ್ಣಾ, ನಮ್ಮತ್ತಿಗೆ... ನಿಮಗೂ ಬೇಕಂದ್ರೆ ತಗಳ್ರಿ."

"... ಇಲ್ಲಿ ಒಣಗಿಸಿರೋ ರೊಟ್ಟಿನಾ? ಅವು ಚನ್ನಗಿರಿ ಹಾಸ್ಟೆಲ್ಲಿಗೆ ಮಾತು ಕೊಟ್ಟಿರೋವು. ಹದಿನೈದು ದಿನ ಮುಂಚೆ ಕೇಳ್ಯಾರೆ. ಒಂದೂ ಮುಟ್ಟಲ್ಲ... ಮುಟ್ಟಲ್ಲ ಅಣ್ಣಾ..."

"ದೊಡ್ಡ ದನಿ ಮಾಡಿದ್ರೆ ರೊಟ್ಟಿ ಉಬ್ಬಲ್ಲರಿ..."

"... ಹಾಂ... ಹಾಂ... ಗೊತ್ತಾಯ್ತು. ಗಂಡಿನ ಕಡೆಯೋರು ಜಗಳೂರಿನೋರು, ರೊಟ್ಟಿ ಇಲ್ದೆ ಎಲೆ ಮುಂದೆ ಕೂರಲ್ಲ. ಬೀಗರ ಮುಂದೆ ನಿಮ್ಮ ಮರ್ಯಾದಿ ಹೋಗುತ್ತೆ. ಖರೆ, ನನಗೂ ಬೇಜಾರೇ. ಅನ್ನ ಜಾಸ್ತಿ ಮಾಡಿಸ್ರಿ, ಚಪಾತಿ ಹಾಕ್ರಿ..."

ಓಬವ್ವ ಬಾಗಿಲ ಬಳಿಯಿಂದ ಎದ್ದು ಬಂದಿದ್ದಳು. ಸೊಸೆಯನ್ನು ಬೈಯಲು ಬಂದವಳು ದ್ಯಾಮಮ್ಮನ ಮಡಿಲಲ್ಲಿದ್ದ ಸೀರೆ ನೋಡಿ ನಿಂತಳು. ಕವರಿನ ಮೇಲೆ ಬಿದ್ದ ಹಿಟ್ಟನ್ನು ತನ್ನ ಸೆರಗಿನ ತುದಿಯಿಂದ ಒರೆಸಿದಳು. "ಬಸ್ಸು ಎಷ್ಟು ಹೊತ್ತಿಗೈತೆ?" ಎಂದು ಮೆಲ್ಲಗೆ ಕೇಳಿದಳು.

"ಬೀಗರಿಗೆ ಏನಂತ ಹೇಳ್ಲಿ ಅಂತೀರಾ?... ನನ್ನ ಕೇಳ್ತೀರಾ?..."

ರುದ್ರಾಣಿಗೆ ತಡೆಯಲಾಗದೆ ನಗು ಬಂತು. ಮೂರು ವರ್ಷದ ನಗು.

"'ರೊಟ್ಟಿ ತುಂಬೈತೆ' ಅಂತ ಹೇಳ್ರಿ, ಗುರುಬಸಣ್ಣಾ. ನಿಮಗೆ ತಿಳಿದಂಗೇ ಅವರಿಗೂ ತಿಳೀತದೆ..."

"... ಹಲೋ?... ಹಲೋ?..."