ಇಂಜೆಕ್ಷನ್ ಸಾಲಿನ ಅತ್ತೆ ಸೊಸೆ

ಜೋಗೇಶ್ವರಿಯ ಆಸ್ಪತ್ರೆಯೊಂದರಲ್ಲಿ ರಕ್ತದ ರಿಪೋರ್ಟಿಗೆ ಕಾಯುತ್ತಿದ್ದ ರಮಾಮಣಿಗೆ ಹಿಂದಿನ ಬೆಂಚಿನಿಂದ ಕನ್ನಡ ಕೇಳಿಸಿ ಕಿವಿ ನೆಟ್ಟಗಾಯಿತು. ಇಲ್ಲಿ ಯಾರಿಗೂ ತಿಳಿಯದ ಭಾಷೆಯೆಂದು ಅತ್ತೆ ಸೊಸೆ ಜೋರಾಗಿಯೇ ಜಗಳಾಡುತ್ತಿದ್ದರು. ಸೊಸೆ ತುಂಬು ಬಸುರಿ.

“ಏಳ್ ಬುಷರಾ, ಮನಿಗೆ ಹೋಗೂಣು. ಮಂಗ್ಯಾ ಬರೇ ಪರಚೈತಿ, ಕಚ್ಚಿಲ್ಲ. ಅರಿಶಿಣ ಹಚ್ಚಿದ್ರ ಆತು.”

“ರಕ್ತ ಬಂದೈತ್ರೀ ಅತ್ತಿ. ಸಾಬೂನು ಹಚ್ಚಿ ತೊಳ್ಕೊಂಡು ಬಂದೀನಿ. ಇಂಜೆಕ್ಷನ್ ತಗೊಂಡ ಏಳಾಕಿ.”

“ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?”

“ಬಸುರಿಗೂ ನಡೀತೈತಿ ಅಂತ ಡಾಕ್ಟರಮ್ಮ ನಿಮ್ಮ ಮುಂದ ಹೇಳ್ಯಾರ. ನಾನ ಉಳೀಲಿಲ್ಲಂದ್ರ ಕೂಸು ಹೆಂಗ ಉಳೀತೈತಿ?”

“ನಿನ್ನ ಗಂಡಗ ಫೋನ್ ಹಚ್ಚತೀನಿ. ಅವ ಹ್ಞೂಂ ಅನ್ಲಿ.”

“ಹಚ್ಚರಿ. ಅಡಗಿಮನ್ಯಾಗ ಮಂಗ್ಯಾನ ಮುಂದ ನಿಂತಾಕಿ ನಾನು, ಬೈಕುಲ್ಲಾದ ಗ್ಯಾರೇಜಿನ್ಯಾಗ ಕುಂತ ಅವರಲ್ಲ.”

ರಮಾಮಣಿಗೆ ತಿರುಗಿ ನೋಡದೆ ಇರಲಾಗಲಿಲ್ಲ. ಅತ್ತೆ ಬುರ್ಖಾದ ತೋಳನ್ನು ಬೆರಳಿನ ತನಕ ಎಳೆದುಕೊಂಡು ಕುಳಿತಿದ್ದರು.

“ಕೈ ತೋರಸ್ರಿ, ಅತ್ತಿ.”

“ಯಾಕ?”

“ಆ ಮಂಗ್ಯಾನ್ನ ನನ್ನ ಮೈಮ್ಯಾಲಿಂದ ಎಳದು ಒಗದಾಕಿ ನೀವು. ಆವಾಗಿಂದ ಆ ಕೈ ಮುಚ್ಕೊಂಡ ಕುಂತೀರಿ.”

ಮುದುಕಿ ಹಿಂದಕ್ಕೆ ಸರಿಯುವಷ್ಟರಲ್ಲಿ ಸೊಸೆ ತೋಳನ್ನು ಮೇಲೇರಿಸಿದಳು. ಮುಂಗೈಯುದ್ದಕ್ಕೂ ಉಗುರು ಗೀರಿದ ಗಾಯ, ಅದರ ತುಂಬ ಅರಿಶಿನ.

“ಸೂಜಿ ಅಂದ್ರ ನನ್ನ ಜೀವ ಹಾರ್ತೈತಿ, ಬೇಟಿ.”

“ನನ್ನ ಬಾಣಂತನ ಮತ್ಯಾರ ಮಾಡಾವ್ರು? ನಾ ಬಿಡಾಂಗಿಲ್ಲ. ಮೊದಲ ನಳಕ್ಕ ಬರ್ರಿ, ಆ ಅರಿಶಿಣ ತೊಳೀತೀನಿ.”

ಒಳಗಿನಿಂದ ನರ್ಸ್ ಬುಷರಾಳ ಹೆಸರು ಕೂಗಿದಳು.

“ದೋ ಲೋಗ್ ಹೈ, ಸಿಸ್ಟರ್!” ಇಬ್ಬರಿದ್ದೇವೆಂದು ಹಿಂದಿಯಲ್ಲಿ ಕೂಗಿ ಹೇಳಿ, ಬುಷರಾ ಅತ್ತೆಯನ್ನು ಕೈಹಿಡಿದೆಬ್ಬಿಸಿ ನಲ್ಲಿಯ ಕಡೆಗೆ ನಡೆಸಿಕೊಂಡು ಹೋದಳು.