ಗಂಟು ಬಿಚ್ಚುವ ಕೈ

ಬಯಲುಸೀಮೆಯ ಒಂದೂರಲ್ಲಿ, ಜೋಳದ ರೊಟ್ಟಿ ಬಡಿದು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಒಬ್ಬ ವಿಧವೆ ಇದ್ದಳು. ರೂತವ್ವ ಎಂದಿಟ್ಟುಕೊಳ್ಳಿ. ಅವಳ ಆಸ್ತಿಯೆಂದರೆ ಬಲಗೈ. ಆ ಬಲಗೈಯೇ, ನೋಡಿ, ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದಾಗ ಮುರಿಯಿತು.

ಎಲುಬು ಕಟ್ಟುವ ಅಜ್ಜ ಬಂದ. ಎಳೆದು ಕೂಡಿಸಿದ, ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಬಟ್ಟೆ ಸುತ್ತಿದ. "ನಾ ಬಿಚ್ಚೂತನಕ ಯಾರೂ ಬಿಚ್ಚಬಾರದವ್ವಾ."

"ರೊಟ್ಟಿ ಬಡಿಯಾಕ ಬರ್ತೈತೇನಜ್ಜಾ?"

"ಕೂಡೂ ಕೆಲಸ ಒಳಗ ನಡೀತೈತಿ. ನಿನಗೂ ಕಾಣಂಗಿಲ್ಲ, ನನಗೂ ಕಾಣಂಗಿಲ್ಲ. ಸುಮ್ನ ಇರು."

ಸುಮ್ಮನಿರುವುದು! ಎಷ್ಟು ಸುಲಭದ ಮಾತು, ಅಲ್ಲವೇ? ರೂತವ್ವ ಮಲಗಿದರೂ ಮನಸ್ಸು ಮಲಗಲಿಲ್ಲ. ಒಲೆ ಆರಿದೆ. ಗಿರಾಕಿಗಳು ಬೇರೆ ಮನೆ ಹುಡುಕಿಕೊಂಡರೆ? ಕೈ ಸೊಟ್ಟಗಾದರೆ? ಕಟ್ಟಿನೊಳಗೆ ತುರಿಕೆ, ಎದೆಯೊಳಗೂ ತುರಿಕೆ. ಮಲಗುವ ಮುನ್ನ ಪ್ರಾರ್ಥಿಸುತ್ತಿದ್ದಳು: "ಕರ್ತನೇ, ಈ ಕೈ ನಿನ್ನ ಕೈಯಾಗ ಕೊಟ್ಟೇನಿ." ಬೆಳಗಾದರೆ, ಮಕ್ಕಳು ಏಳುವ ಮೊದಲೇ, ಹಲ್ಲಿನಿಂದ ಗಂಟು ಬಿಚ್ಚುತ್ತಿದ್ದಳು. ಹಿಡಿ ಹಿಟ್ಟು ನಾದಿ ಒಂದೇ ಒಂದು ಪುಟ್ಟ ರೊಟ್ಟಿ ತಟ್ಟಿ ನೋಡುತ್ತಿದ್ದಳು. ನೋವಿಗೆ ಕಣ್ಣು ಕತ್ತಲಿಟ್ಟಾಗ ಮತ್ತೆ ತಾನೇ ಸುತ್ತಿಕೊಳ್ಳುತ್ತಿದ್ದಳು. ಮರುದಿನ ಮತ್ತೆ. ಅದರ ಮರುದಿನವೂ ಮತ್ತೆ.

ಪಕ್ಕದ ಮನೆಯ ಮಾರ್ಥಕ್ಕ ರೊಟ್ಟಿ ತಂದರೆ, "ನಮ್ಮನ್ಯಾಗ ಐತಿ, ಒಯ್ಯರಿ ಅಕ್ಕಾರ" ಎನ್ನುತ್ತಿದ್ದಳು.

"ಏನೈತಿ? ನಿನ್ನ ಸೊಕ್ಕು ಐತಿ. ಅದನ್ನ ಹಚ್ಚಿಗೊಂಡು ತಿಂತಾವೇನು ಮಕ್ಕಳು?"

ಅಜ್ಜ ತಿರುಗಿ ಬಂದ ದಿನ ಬಟ್ಟೆಯ ಮಡಿಕೆಯಲ್ಲಿ ಒಣಗಿದ ಜೋಳದ ಹಿಟ್ಟು ಕಂಡ. "ಎಲುಬಿಗೂ ರೊಟ್ಟಿ ಉಣಸಾಕತ್ತೀಯೇನವ್ವಾ?" ಎಂದು ನಕ್ಕ. ಕೈ ಮುಟ್ಟಿ ನೋಡಿದ ಮೇಲೆ ನಗಲಿಲ್ಲ. "ಕೂಡಾಕ ಹತ್ತಿದ್ದನ್ನ ನೀನ ಕದಲಿಸಿದಿ. ಕೈ ನನ್ನ ಕೈಯಾಗ ಕೊಟ್ಟಿ ಖರೆ, ದಿನಾ ಕಸಗೊಂಡಿ."

ಆ ಮಾತು ರೂತವ್ವನಿಗೆ ಎಲ್ಲಿ ತಾಗಿತೆಂದು ನಿಮಗೆ ಗೊತ್ತು. ಕರ್ತನಿಗೂ ಅವಳು ಮಾಡಿದ್ದು ಅದೇ ತಾನೆ?

ಅಜ್ಜ ಮತ್ತೆ ಎಳೆದ. ಅವಳು ಕಿರುಚಿದಳು. ಮತ್ತೆ ಕಟ್ಟಿದ. ಅಂದು ಮಾರ್ಥಕ್ಕನ ರೊಟ್ಟಿಯನ್ನು ಎಡಗೈಯಲ್ಲಿ ಈಸಿಕೊಂಡಳು. ತಳಮಳ ಹೋಯಿತೇ? ಇಲ್ಲ. ಬೆಳಗಾದರೆ ಬೆರಳು ಗಂಟಿನ ಬಳಿ ಹರಿಯುತ್ತಿತ್ತು. "ಕರ್ತನೇ, ನೋಡಬೇಕು ಅನಸ್ತೈತಿ. ನೋಡಂಗಿಲ್ಲ" ಎಂದು ಹಿಂದಕ್ಕೆ ತೆಗೆಯುತ್ತಿದ್ದಳು. ಬೆಳಗಾದರೆ ಅದೇ ಮಾತು, ಅದೇ ಜಗ್ಗಾಟ.

ಕೈ ಕೂಡಿತೇ ಎಂದು ನಿಮ್ಮ ಕಣ್ಣುಗಳು ಕೇಳುತ್ತಿವೆ. ನೋಡಿ, ನಮಗೂ ತಡೆಯಲಾಗುವುದಿಲ್ಲ! ಕೂಡಿತು, ತಡವಾಗಿ, ತುಸು ಡೊಂಕಾಗಿ. ಅವಳ ರೊಟ್ಟಿ ಈಗಲೂ ಒಂದಂಚಿನಲ್ಲಿ ದಪ್ಪ.

ಮತ್ತೆ ನಾವು? ಗಂಡನ ಕಾಯಿಲೆ, ಮಗಳ ಮದುವೆ, ಸಿಗದ ಕೆಲಸ, ಎಲ್ಲವನ್ನೂ ಮೊಣಕಾಲೂರಿ ದೇವರಿಗೆ ಕೊಡುತ್ತೇವೆ. ಆಮೆನ್ ಎಂದು ಎದ್ದವರೇ ಗಂಟಿಗೆ ಕೈ ಹಾಕುತ್ತೇವೆ. ನಾಳೆ ಬೆಳಿಗ್ಗೆ ಅದೇ ಭಯ ನಿಮ್ಮನ್ನು ಎಬ್ಬಿಸಿದರೆ, ಇಲ್ಲವೆಂದು ನಟಿಸಬೇಡಿ. ಇದ್ದ ಹಾಗೆಯೇ ಆತನಿಗೆ ಹೇಳಿ. ನೆರೆಯವರು ರೊಟ್ಟಿ ತಂದರೆ ಈಸಿಕೊಳ್ಳಿ, ಅದನ್ನು ನೀಡುವುದೂ ಆತನ ಕೈಯೇ. ಗಂಟನ್ನು ಮಾತ್ರ ಬಿಡಿ. ಕಟ್ಟಿದವನೇ ಬಿಚ್ಚಲಿ.