ಪಟ್ಟದ ಗೊಂಬೆಗೆ ನೌಕಾ ದಿಗ್ಬಂಧನ

ಸಿದ್ಧಾರ್ಥನಗರದ ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರೂ, ನನ್ನ ಒಡಹುಟ್ಟಿದ ತಮ್ಮನೂ, ಸದ್ಯಕ್ಕೆ ನನ್ನ ಶತ್ರುರಾಷ್ಟ್ರವೂ ಆಗಿರುವ ಶ್ರೀ ಮಾಧವ ಅವರೇ, ವೇದಿಕೆಯ ಮೇಲಿನ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಹಣೆ ಚಚ್ಚಿಕೊಳ್ಳುತ್ತಿರುವ ನನ್ನ ಧರ್ಮಪತ್ನಿ ಚಂದ್ರಮತಿಯವರೇ, ನವರಾತ್ರಿಯ ಮೊದಲ ದಿನವೇ ಮನೆಗೆಲಸ ಬಿಟ್ಟು ಬಂದಿರುವ ಸಭಿಕರೇ,

ನನಗೆ ಶಾಲು ಹೊದಿಸಿದ್ದೀರಿ, ಪೇಟ ತೊಡಿಸಿದ್ದೀರಿ. ಪೇಟ ಕಣ್ಣಿನವರೆಗೂ ಇಳಿಯುತ್ತಿದೆ, ಇರಲಿ. ಯುದ್ಧಕಾಲದ ಸಮುದ್ರ ಕಾನೂನನ್ನು ಬದುಕಿಡೀ ಬೋಧಿಸಿದ್ದಕ್ಕೆ ಈ ಸನ್ಮಾನ. ಬೋಧಿಸಿದ್ದೆಲ್ಲಿ? ಮೈಸೂರಿನಲ್ಲಿ. ನಮಗೆ ಹತ್ತಿರದ ಸಮುದ್ರ ಯಾವುದು? ಕಾರಂಜಿ ಕೆರೆ. ಅಲ್ಲಿ ಯುದ್ಧನೌಕೆ ಯಾವುದು? ಪೆಡಲ್ ತುಳಿಯುವ ದೋಣಿ. ನಗಬೇಡಿ. ಸಮುದ್ರವಿಲ್ಲದ ಊರಿನಲ್ಲಿಯೂ ಸಮುದ್ರ ಕಾನೂನು ನಡೆಯುತ್ತದೆಯೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ನಡೆಯುತ್ತದೆ, ಸಭಿಕರೇ. ಈ ತಿಂಗಳು ನಮ್ಮ ಮನೆಯ ಗೇಟಿನಲ್ಲಿ ನಡೆದಿದೆ.

ಮನೆ ನಿಮಗೆ ಗೊತ್ತು. ಕೆಳಗೆ ನಾನು, ಮೇಲೆ ಮಾಧವ. ಗೇಟು ಒಂದೇ. ನಮ್ಮ ತಾಯಿ ಕೊನೆಯ ದಿನಗಳಲ್ಲಿ ಮೇಲಿದ್ದರು. ಅವರ ಪಟ್ಟದ ಗೊಂಬೆಗಳೂ ಪೆಟ್ಟಿಗೆಯಲ್ಲಿ ಮೇಲೆಯೇ ಇದ್ದವು. ಅಮ್ಮ ಮದುವೆಯಾಗಿ ಬರುವಾಗ ತವರಿನಿಂದ ತಂದ ಮರದ ರಾಜ, ಮರದ ರಾಣಿ. ಹೋದ ವರ್ಷ ನವರಾತ್ರಿಗೆ ಸ್ವಲ್ಪ ಮೊದಲು ಅಮ್ಮ ತೀರಿಕೊಂಡರು. ಆ ಸಲ ಗೊಂಬೆ ಕೂರಿಸಲಿಲ್ಲ. ಈಗ ವರ್ಷಾಬ್ದಿಕ ಮುಗಿಸಿ ಪೆಟ್ಟಿಗೆ ತೆಗೆದರೆ, ರಾಜ ಹೇಗಿದ್ದನೋ ಹಾಗೇ ಇದ್ದಾನೆ. ರಾಣಿಗೆ ಮಾತ್ರ ಮೈತುಂಬ ಎನಾಮೆಲ್ ಪೇಂಟು! ಮುಖ ಅರಿಶಿನ, ಸೀರೆ ಕೆಂಪು, ತುಟಿ ಇನ್ನೂ ಕೆಂಪು, ಕಣ್ಣು ಇಷ್ಟಗಲ. ಅಧ್ಯಕ್ಷರು ಬಳಿದದ್ದು.

"ಏನೋ ಇದು? ಅಮ್ಮನ ರಾಣಿಗೆ ಕಿಟಕಿ ಸರಳಿಗೆ ಹೊಡೆಯೋ ಪೇಂಟ್ ಹೊಡೆದಿದೀಯಲ್ಲೋ!" ಎಂದೆ. "ಅಣ್ಣ, ಸ್ವಲ್ಪ ಕೇಳು ಇಲ್ಲಿ" ಎಂದ. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ರಾಜನನ್ನು ಕಂಕುಳಲ್ಲಿಟ್ಟುಕೊಂಡು ಕೆಳಗಿಳಿದೆ. ಯುದ್ಧ ಶುರುವಾಯಿತು.

ದಿಗ್ಬಂಧನವೆಂದರೆ ಬಾಯಿಮಾತಲ್ಲ. ಮೊದಲು ಎಲ್ಲರಿಗೂ ತಿಳಿಯುವಂತೆ ಘೋಷಿಸಬೇಕು. ಮೇಲಿನ ಮನೆಗೆ ಗೊಂಬೆ ಹಬ್ಬದ ಸಾಮಾನು ಹೋಗಕೂಡದೆಂದು ಗೇಟಿಗೆ ನೋಟಿಸು ಅಂಟಿಸಿದೆ. ನಿಜವಾಗಿಯೂ ತಡೆಯುವಷ್ಟು ಬಲವಿರಬೇಕು. ಬೆತ್ತದ ಕುರ್ಚಿ ಹಾಕಿಕೊಂಡು ಕೂತೆ. ಮಿತ್ರರು, ಶತ್ರುಗಳು ಎಂಬ ಭೇದ ಮಾಡುವಂತಿಲ್ಲ. ಎಲ್ಲರ ಚೀಲವನ್ನೂ ತಪಾಸಣೆ ಮಾಡಿದೆ. ಹಾಲಿನ ನಿಂಗಯ್ಯನನ್ನೂ ಬಿಡಲಿಲ್ಲ. ಅವನು ಕ್ಯಾನು ಕೆಳಗಿಟ್ಟು, "ಸ್ವಾಮೀ, ಮೊದ್ಲು ಆಲು ಒಳೀಕ್ ತಕ್ಕೊಂಡೋಗಿ, ಒಡ್ದೋಯ್ತದೆ. ಆಮೇಲ್ ಯುದ್ಧ ಮಾಡೀರಂತೆ" ಎಂದ. ಜನಸಾಮಾನ್ಯರ ಆಹಾರವನ್ನು ತಡೆಯಬಾರದೆಂದು ಕಾನೂನೂ ಹೇಳುತ್ತದೆ. ಬಿಟ್ಟೆ.

ಇನ್ನು ನಿಷಿದ್ಧ ಸರಕು. ಫಿರಂಗಿ, ಮದ್ದುಗುಂಡು ಯಾವಾಗಲೂ ನಿಷಿದ್ಧ, ಅದರಲ್ಲಿ ಗೊಂದಲವಿಲ್ಲ. ಗೊಂದಲವಿರುವುದು ಕಡಲೆಕಾಳಿನಲ್ಲಿ. ಸಾರಿಗೆ ಹಾಕಿದರೆ ಅದು ಆಹಾರ. ಗೊಂಬೆ ನೋಡಲು ಬಂದವರಿಗೆ ಉಸಲಿ ಮಾಡಿಕೊಟ್ಟರೆ ಯುದ್ಧಸಾಮಗ್ರಿ. ಇಂಥ ಸರಕಿನಲ್ಲಿ ನೋಡಬೇಕಾದ್ದು, ಅದು ಕೊನೆಗೆ ತಲುಪುವುದು ಎಲ್ಲಿಗೆ ಎಂದು. ನನ್ನ ಹೆಂಡತಿಯ ಚೀಲದಲ್ಲಿ ಕಡಲೆಕಾಳು ಸಿಕ್ಕಿತು. "ಯಾರಿಗಿದು?" ಎಂದೆ. "ಹಲ್ಲಿರೋರಿಗೆ" ಎಂದಳು. ನಮ್ಮ ಅಡುಗೆಮನೆಗೇ ಹೋಯಿತು. ಕುರ್ಚಿಗೆ ಮರಳಿದೆ. ಸಂಜೆ ಹಿತ್ತಲಿಗೆ ಹೋದರೆ, ಮೇಲಿನ ಬಾಲ್ಕನಿಯಿಂದ ಹಗ್ಗ ಇಳಿದಿದೆ. ಹಗ್ಗದ ತುದಿಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಅದೇ ಕಡಲೆಕಾಳು, ಮೇಲೆ ಹಗ್ಗ ಎಳೆಯುತ್ತಿರುವವಳು ಮಾಧವನ ಹೆಂಡತಿ ಅನುಪಮಾ! ನಡುವೆ ಯಾವ ಬಂದರಿನಲ್ಲಿ ಇಳಿಸಿ ಹತ್ತಿಸಿದರೂ ಪಯಣ ಒಂದೇ ಎನ್ನುವ ಸಿದ್ಧಾಂತವನ್ನು ನಾನು ಎಷ್ಟು ತರಗತಿಗಳಲ್ಲಿ ವಿವರಿಸಿದ್ದೇನೆ! ನನ್ನ ಮನೆಯೇ ಆ ಬಂದರಾಗಬೇಕೆ?

ಸರಕನ್ನು ಜಪ್ತಿ ಮಾಡಿ, ಊಟದ ಮೇಜಿನ ಮೇಲೆ ನೌಕಾ ನ್ಯಾಯಾಲಯ ಕೂಡಿಸಿದೆ. ನ್ಯಾಯಾಧೀಶ ನಾನೇ. ಚಂದ್ರಮತಿ ತಟ್ಟೆ ತಂದು ಕುಕ್ಕಿದಳು. "ರೀ, ನಿಮ್ಮ ಕೋರ್ಟು ಎತ್ತಿ ಆ ಕಡೆ ಇಡಿ. ಅನ್ನ ಆರ್ತಿದೆ. ಮನೇಲಿ ಇರೋದೇ ಇಬ್ಬರು ಅಣ್ಣತಮ್ಮಂದಿರು, ಅದಕ್ಕೊಂದು ಸಮುದ್ರ ಬೇರೆ." ಕಲಾಪ ಮುಂದೂಡಲಾಯಿತು. ಆ ರಾತ್ರಿ ಮೇಲೆ ಮಾಧವ ಕೆಮ್ಮುವುದು ಕೇಳಿಸಿತು. ಚಿಕ್ಕಂದಿನಿಂದಲೂ ಅವನಿಗೆ ಭಾದ್ರಪದದಲ್ಲಿ ಕೆಮ್ಮು. ಔಷಧಿಯನ್ನು ತಡೆಯುವಂತಿಲ್ಲವಾದ್ದರಿಂದ ಶುಂಠಿ ಕಷಾಯವನ್ನು ನಾನೇ ಮೆಟ್ಟಿಲ ಮೇಲಿಟ್ಟು ಬಂದೆ. ಇದು ಕಾನೂನಿನ ಪಾಲನೆಯೇ ಹೊರತು ಬೇರೇನೂ ಅಲ್ಲ.

ಇವತ್ತು ಪಾಡ್ಯ. ಬೆಳಗ್ಗೆ ಸ್ನಾನ ಮುಗಿಸಿ ಬಂದರೆ ನಮ್ಮ ಮನೆಯ ರಾಜ ನಾಪತ್ತೆ! ಹೆಂಡತಿಯನ್ನು ಕೇಳಿದೆ. "ರಾಣಿ ಎಲ್ಲಿದ್ದಾಳೋ ಅಲ್ಲಿಗೆ ಹೋದ" ಎಂದಳು. ದಿಗ್ಬಂಧನ ಮುರಿದ ಹಡಗನ್ನು ಬೆನ್ನಟ್ಟುತ್ತಿರುವಾಗ ಹಿಡಿಯಬಹುದು. ಬೆನ್ನಟ್ಟುವುದನ್ನು ಬಿಟ್ಟರೆ ಹಕ್ಕು ಹೋಯಿತು. ಹಾಗಾಗಿ ಒದ್ದೆ ಟವೆಲಿನಲ್ಲೇ ಮೆಟ್ಟಿಲು ಹತ್ತಿದೆ.

ಮಾಧವ ಇರಲಿಲ್ಲ. ಈ ಸಭೆಗೆ ಕುರ್ಚಿ ಹಾಕಿಸಲು ಬಂದಿದ್ದ. ರಾಜ, ರಾಣಿ ಅಕ್ಕಪಕ್ಕ ಕೂತಿದ್ದರು. ಅನುಪಮಾ ರಾಜನನ್ನು ಮುಟ್ಟಲು ಬಿಡಲಿಲ್ಲ. "ಭಾವ, ಬೈಯೋದಾದ್ರೆ ಆಮೇಲೆ ಬೈರಿ. ಅತ್ತೆಗೆ ಕಣ್ಣು ಪೂರಾ ಮಂಜಾಗಿತ್ತು. ಪೆಟ್ಟಿಗೆ ತೆಗ್ಸಿ, ರಾಣಿ ಮುಖ ತಡವ್ತಾ, 'ಇವಳು ನಂಗೆ ಕಾಣಿಸ್ತಾನೇ ಇಲ್ಲ ಕಣೋ ಮಾಧು' ಅಂತ ಅತ್ಬುಟ್ರು. ಅದಕ್ಕೇ ಇವರು ಅಂಗಡಿಗೆ ಹೋಗಿ, ಕಣ್ಣಿಗೆ ಹೊಡೆಯೋ ಬಣ್ಣ ಕೊಡಿ ಅಂತ ಕೇಳಿ ತಂದ್ರು. ರಾಣೀದಾಯ್ತು. ರಾಜಂಗೆ ಶುರು ಮಾಡೋ ಹೊತ್ಗೆ ಅತ್ತೆ ಹೋಗ್ಬುಟ್ರು" ಎಂದಳು.

ಅಮ್ಮನಿಗೆ ಅಷ್ಟು ಕಾಣಿಸುತ್ತಿರಲಿಲ್ಲವೆಂದು ನನಗೆ ಗೊತ್ತೇ ಇರಲಿಲ್ಲ, ಸಭಿಕರೇ. ದಿನವೂ ಮೇಲೆ ಹೋಗಿ ಪತ್ರಿಕೆ ಓದಿ ಹೇಳುತ್ತಿದ್ದೆ. ನನ್ನ ದನಿ ಕೇಳುವ ಆಸೆಯಿಂದ ಓದಿಸುತ್ತಿದ್ದಾರೆ ಅಂದುಕೊಂಡಿದ್ದೆ.

ಅಧ್ಯಕ್ಷರಿಗೆ ಒಂದೇ ಪ್ರಶ್ನೆ ಇದೆ. ಮನೆಯಲ್ಲಿ ಕೇಳಲು ಸಮಯವಾಗಲಿಲ್ಲ. ಈ ಮೈಕಿನಲ್ಲೇ ಕೇಳುತ್ತೇನೆ. ಮಾಧವಾ, ಪೇಟ ತೆಗೆದಿದ್ದೇನೆ, ಈ ಕಡೆ ತಿರುಗೋ. ನೀನು ಬಣ್ಣ ಬಳಿದ ಮೇಲೆ ಅಮ್ಮಂಗೆ ರಾಣಿ ಕಾಣಿಸಿದಳೇನೋ?

ಅಧ್ಯಕ್ಷರು ತಲೆಯಾಡಿಸಿದ್ದಾರೆ. ಹೂಂ ಎಂದು ಆಡಿಸಿದ್ದಾರೆ. ಕರವಸ್ತ್ರ ತೆಗೆದಿದ್ದಾರೆ, ಯಾರಾದರೂ ಅವರಿಗೆ ನೀರು ಕೊಡಿ. ಬೇಡ, ನಾನೇ ಕೊಡುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೂ, ನನ್ನನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡ ನನ್ನ ತಮ್ಮನಿಗೂ ಕೃತಜ್ಞ. ನಮಸ್ಕಾರ.